ಹದಿನೆಂಟು ಹಲ್ಲಿನ ಕಾಯಿಲ್

ಅಶ್ವತ್ಥಮ್ಮ ಎಣಿಸುವುದು ತೆಲುಗಿನಲ್ಲಿ. ಮಾತಾಡುವುದು ಕನ್ನಡ, ಬೈಯುವುದು ಎರಡರಲ್ಲೂ. ಆದರೆ ತಾಮ್ರದ ತಂತಿ ಸುತ್ತಲು ಕೂತರೆ ಅವರ ತುಟಿಯ ಮೇಲೆ ಒಕಟಿ, ರೆಂಡು, ಮೂಡು ಮಾತ್ರ. ಹತ್ತು ಸುತ್ತಿಗೊಂದು ಹುಣಸೆ ಬೀಜ ಎಡಗಡೆಯ ಬಟ್ಟಲಿನಿಂದ ಬಲಗಡೆಯ ಬಟ್ಟಲಿಗೆ ಹೋಗುತ್ತದೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸುವಂತಿಲ್ಲ. ಪಂಪ್‌ಸೆಟ್ ಮೋಟರು ಸುಟ್ಟುಹೋಯಿತೆಂದು ತಾಯಲೂರಿನ ಆ ಅಂಗಡಿಗೆ ಬರುವವರಿಗೆಲ್ಲ ಇದು ಗೊತ್ತು. ಬಂದವರು ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತು, ಬೀಜ ಬೀಳುವ ಸದ್ದು ನಿಲ್ಲುವವರೆಗೆ ಕಾಯುತ್ತಾರೆ.

ಅವರ ತವರು ಶ್ರೀನಿವಾಸಪುರದ ಕಡೆಯ ಒಂದು ಸಣ್ಣ ಊರು. ತಂದೆ ಬೇರೆಯವರ ತೋಟದಲ್ಲಿ ಪಾಲಿಗೆ ರೇಷ್ಮೆ ಹುಳು ಸಾಕುತ್ತಿದ್ದರು. ಏಳನೇ ತರಗತಿ ಮುಗಿದ ಮೇಲೆ ಶಾಲೆ ಬಿಟ್ಟು, ಹುಳುವಿಗೆ ಸೊಪ್ಪು ಕೊಯ್ಯುತ್ತ ಬೆಳೆದವರು. ಹತ್ತೊಂಬತ್ತಕ್ಕೆ ಮೋಟರ್ ರಿಪೇರಿಯ ಮುನಿಯಲ್ಲಪ್ಪನವರ ಕೈ ಹಿಡಿದು ತಾಯಲೂರಿಗೆ ಬಂದರು. ಆಗ ಅಂಗಡಿಯಲ್ಲಿ ತಂತಿ ಸುತ್ತಲು ಕೋಲಾರದ ಕಡೆಯ ಒಬ್ಬ ಕೆಲಸದವನಿದ್ದ. ಅವನು ಒಂದು ದಿನ ಅರ್ಧ ಸುತ್ತಿದ ಮೋಟರನ್ನು ಹಾಗೇ ಬಿಟ್ಟು ಹೋದವನು ತಿರುಗಿ ಬರಲಿಲ್ಲ. ಮುನಿಯಲ್ಲಪ್ಪ ತಾವೇ ಕೂತರು. ಅವರು ದಾರಿಯಲ್ಲಿ ಹೋಗುವ ಪ್ರತಿಯೊಬ್ಬರನ್ನೂ ಕರೆದು ಮಾತಾಡಿಸುವ ಮನುಷ್ಯ. ಮೂರು ಸಲ ಲೆಕ್ಕ ತಪ್ಪಿತು. ಊಟದ ಡಬ್ಬಿ ತಂದಿದ್ದ ಹೆಂಡತಿ ನೋಡಿ ನೋಡಿ, “ನೀನು ಸುತ್ತು, ನಾನು ಎಣಿಸ್ತೀನಿ” ಎಂದರಂತೆ. ಸಂಜೆಯ ಹೊತ್ತಿಗೆ ಸುತ್ತುವುದೂ ಅವರದೇ ಕೈಗೆ ಬಂದಿತ್ತು. ಇಪ್ಪತ್ತೆರಡು ವರ್ಷದಿಂದ ಅದು ಅವರ ಕೈಯಲ್ಲೇ ಇದೆ.

ಇಷ್ಟನ್ನೂ ನಾನು ತಿಳಿದುಕೊಂಡದ್ದು ನಮ್ಮ ಬೈಕು ಕೆಟ್ಟ ಮೇಲೆ. ಅದಕ್ಕೆ ಮುಂಚೆ ಅವರು ನನಗೆ ಬಸ್ಸಿನ ಕಿಟಕಿಯಿಂದ ಕಾಣುವ ಒಬ್ಬ ಹೆಂಗಸು ಅಷ್ಟೆ. ಮುಳಬಾಗಿಲಿನ ಕಾಲೇಜಿಗೆ ಹೋಗುವ ಬಸ್ಸು ಆ ಅಂಗಡಿಯ ಮುಂದೆಯೇ ತಿರುಗುತ್ತದೆ.

ಬೈಕನ್ನು ಅಪ್ಪ ಹಿಂದಿನ ವರ್ಷ ಶ್ರೀನಿವಾಸಪುರದ ಮಾವಿನ ಮಂಡಿಯ ಗುಮಾಸ್ತರೊಬ್ಬರಿಂದ ಕೊಂಡಿದ್ದರು. ಹತ್ತು ವರ್ಷ ಓಡಿದ್ದ ಗಾಡಿ. ನಮ್ಮ ರೇಷ್ಮೆ ಹುಳದ ಮನೆ ಇರುವುದು ಊರಿನಲ್ಲಿ, ಹಿಪ್ಪುನೇರಳೆ ತೋಟ ಇರುವುದು ತಾಯಲೂರಿನ ಆಚೆ, ಅಜ್ಜಿಯ ಪಾಲಿಗೆ ಬಂದ ಜಮೀನಿನಲ್ಲಿ. ನಡುವೆ ನಾಲ್ಕು ಕಿಲೋಮೀಟರು. ಸೊಪ್ಪಿನ ಹೊರೆ ತರಲೆಂದೇ ಆ ಬೈಕು. ಅದು ನಾಲ್ಕು ತಿಂಗಳು ಚೆನ್ನಾಗಿ ಓಡಿ, ಆಮೇಲೆ ಬ್ಯಾಟರಿ ಕೂರತೊಡಗಿತು. ಮುಳಬಾಗಿಲಿನಲ್ಲಿ ಹೊಸ ಬ್ಯಾಟರಿ ಹಾಕಿಸಿದರು. ಅದೂ ಒಂದು ತಿಂಗಳಿಗೆ ಕೂತಿತು.

ಅಮ್ಮನಿಗೆ ಕಾರಣ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದಳು. ಕರೆಂಟು ಹೋದಾಗ ಅಪ್ಪ ಬೈಕಿನ ಬ್ಯಾಟರಿಯಿಂದ ಎರಡು ತಂತಿ ಎಳೆದು ಹುಳದ ಮನೆಯಲ್ಲಿ ಒಂದು ಬಲ್ಬು ಉರಿಸುತ್ತಿದ್ದರು. “ಗಾಡಿ ಓಡಿಸೋಕೆ ತಂದ್ಯಾ, ದೀಪ ಹಚ್ಚೋಕೆ ತಂದ್ಯಾ?” ಎಂದು ಅಮ್ಮ ದಿನಕ್ಕೆರಡು ಸಲ ಕೇಳುತ್ತಿದ್ದಳು. ಅಪ್ಪ ಬಲ್ಬನ್ನು ಬಿಚ್ಚಿ ಅಟ್ಟಕ್ಕೆ ಹಾಕಿದರು. ಬ್ಯಾಟರಿ ಆಮೇಲೂ ಕೂತಿತು. “ಕದ್ದು ಹಚ್ತಾ ಇರ್ತೀಯ” ಎಂದಳು ಅಮ್ಮ.

ಆ ಗುರುವಾರ ಬೆಳಿಗ್ಗೆ, ನಾಲ್ಕು ಹೊರೆ ಸೊಪ್ಪು ಕಟ್ಟಿಕೊಂಡು ಬರುವಾಗ ಬೈಕು ತಾಯಲೂರಿನ ತಿರುವಿನಲ್ಲಿ ನಿಂತೇಹೋಯಿತು. ಊರಿನ ಬಸ್ಸು ತಪ್ಪಿ ನಡೆದು ಬಂದಿದ್ದ ನಾನು ಅಲ್ಲೇ ಮುಂದಿನ ಬಸ್ಸಿಗೆ ಕಾಯುತ್ತಿದ್ದೆ. ಅಪ್ಪ ತಳ್ಳಿಕೊಂಡು ಬರುವುದು ಕಂಡು ಹೋಗಿ ಹಿಂದಿನಿಂದ ಕೈ ಕೊಟ್ಟೆ. ಮೆಕ್ಯಾನಿಕ್ಕಿನ ಅಂಗಡಿ ಇನ್ನೂ ತೆಗೆದಿರಲಿಲ್ಲ. ತೆಗೆದಿದ್ದದ್ದು ಮುನಿಯಲ್ಲಪ್ಪನವರದು ಮಾತ್ರ.

“ಏನ್ ಕೋದಂಡರಾಮಪ್ಪ, ಗಾಡಿ ನಿನ್ನ ಹೊರ್ಬೇಕು, ನೀನು ಗಾಡೀನ ಹೊತ್ಕೊಂಡ್ ಬರ್ತಿದೀಯ?” ಎಂದರು ಮುನಿಯಲ್ಲಪ್ಪ.

“ಒಂಚೂರು ನೋಡಣ್ಣ. ಹುಳ ಕಾಯ್ತಾ ಇದಾವೆ.”

ಅವರು ಅಂಗಡಿಯ ಬ್ಯಾಟರಿ ಕೊಟ್ಟು ಗಾಡಿ ಚಾಲೂ ಮಾಡಿದರು. ಮೀಟರಿನ ಎರಡು ಕಡ್ಡಿಗಳನ್ನು ಬ್ಯಾಟರಿಗೆ ಹಿಡಿದರು. “ನೋಡು ಪಾಪ, ಓದೋ ಹುಡುಗಿ ನೀನು. ಗಾಡಿ ಓಡ್ತಿರೋವಾಗ ಇಲ್ಲಿ ಹದಿನಾಲ್ಕು ತೋರಿಸ್ಬೇಕು. ಎಷ್ಟಿದೆ?”

“ಹನ್ನೆರಡು. ಇಳೀತಾ ಇದೆ.”

“ಇಂಜಿನ್ನು ಬ್ಯಾಟರಿಗೆ ಏನೂ ಕೊಡ್ತಾನೇ ಇಲ್ಲ. ಇರೋದನ್ನ ತಿಂತಾ ಇದೆ.” ಇಂಜಿನ್ನಿನ ಎಡಗಡೆಯಿಂದ ಬರುವ ಮೂರು ಹಳದಿ ತಂತಿಗಳ ಜೋಡಣೆ ಬಿಚ್ಚಿದರು. ಒಂದು ತಂತಿಗೂ ಗಾಡಿಯ ಮೈಗೂ ಮೀಟರು ಇಟ್ಟಾಗ ಅದು ಕೀ ಎಂದಿತು. ಕೀ ಎನ್ನಬಾರದಂತೆ. “ಮ್ಯಾಗ್ನೆಟ್ ಕಾಯಿಲ್ ಸುಟ್ಟಿದೆ. ಬ್ಯಾಟರಿ ಹತ್ತು ಹಾಕ್ಸಿದ್ರೂ ಅಷ್ಟೇ.”

ಅಪ್ಪನ ಮುಖ ಒಂದು ಕ್ಷಣ ಅರಳಿತು. “ಬಲ್ಬಿಂದ ಅಲ್ವಾ?”

“ಯಾವ ಬಲ್ಬು?”

“ಏನಿಲ್ಲ ಬಿಡಿ. ಅವಳಿಗೆ ನೀವೇ ಒಂದು ಮಾತು ಹೇಳ್ಬೇಕು.”

ಮುಚ್ಚಳ ತೆಗೆದಾಗ ಕರಿದ ವಾಸನೆ ಬಂತು. ಅಂಗೈಯಗಲದ ಕಬ್ಬಿಣದ ಚಕ್ರ, ಸುತ್ತ ಹದಿನೆಂಟು ಹಲ್ಲು, ಪ್ರತಿ ಹಲ್ಲಿಗೂ ಸುತ್ತಿದ ತಂತಿ. ಅರ್ಧಕ್ಕರ್ಧ ಕಪ್ಪಾಗಿತ್ತು. ಅದರ ಸುತ್ತ ಬಟ್ಟಲಿನಂಥ ಮ್ಯಾಗ್ನೆಟ್ಟು ತಿರುಗಿದರೆ ಕರೆಂಟು ಹುಟ್ಟಿ ಬ್ಯಾಟರಿ ತುಂಬುತ್ತದೆ ಎಂದು ಅವರೇ ವಿವರಿಸಿದರು. ಕೋಲಾರದ ಬಿಡಿಭಾಗದ ಅಂಗಡಿಗೆ ಫೋನು ಮಾಡಿದರು. ಆ ಮಾದರಿ ಈಗ ಬರುತ್ತಿಲ್ಲ, ತರಿಸಬೇಕು, ಸೋಮವಾರ ನೋಡೋಣ ಎಂದರಂತೆ.

ಅಪ್ಪ ಚಪ್ಪಡಿಯ ಮೇಲೆ ಕೂತುಬಿಟ್ಟರು. ಮನೆಯಲ್ಲಿ ನೂರು ಮೊಟ್ಟೆಯ ಹುಳು, ಅಂದರೆ ನೂರು ಚಿಟ್ಟೆ ಇಟ್ಟ ಮೊಟ್ಟೆಗಳಿಂದ ಬಂದ ನಲವತ್ತು ಸಾವಿರದಷ್ಟು ಹುಳು. ಪೊರೆ ಕಳಚುವ ಕೊನೆಯ ನಿದ್ದೆಯಾದ ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಹುಳು ತನ್ನ ಆಯುಷ್ಯವಿಡೀ ತಿನ್ನುವ ಸೊಪ್ಪಿನಲ್ಲಿ ಮುಕ್ಕಾಲು ಪಾಲನ್ನು ತಿನ್ನುವುದು ಈ ಕೊನೆಯ ಏಳೆಂಟು ದಿನದಲ್ಲಿ. ಆಗ ಸೊಪ್ಪು ತಪ್ಪಿದರೆ ಗೂಡು ತೆಳುವಾಗುತ್ತದೆ, ಇಲ್ಲವೇ ಹುಳುವೇ ಕೈ ಬಿಡುತ್ತದೆ. ದಿನಕ್ಕೆ ಮೂರು ಗಾಡಿ ಹೊರೆಯನ್ನು ನಾವು ಮೂವರು ತಲೆಯ ಮೇಲೆ ತರಲಾರೆವು. ಸೋಮವಾರ ಎಂದರೆ ಆ ಬೆಳೆ ಮುಗಿದಂತೆ.

ಒಳಗೆ ಹುಣಸೆ ಬೀಜದ ಸದ್ದು ನಿಂತಿತು. ಅಶ್ವತ್ಥಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರು ಬೈಕನ್ನು ನೋಡಲಿಲ್ಲ, ಹಿಂದಿನ ಸೊಪ್ಪನ್ನು ನೋಡಿದರು. ಒಂದು ಎಲೆ ಮುರಿದು ಬೆರಳಲ್ಲಿ ಉಜ್ಜಿದರು.

“ಎಷ್ಟನೇ ಜ್ವರ?”

“ನಾಲ್ಕು ಎದ್ದು ಮೂರು ದಿನ ಆಯ್ತು ಅಶ್ವತ್ಥಕ್ಕ” ಎಂದರು ಅಪ್ಪ.

ಅವರು ಸುಟ್ಟ ಚಕ್ರವನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. “ಇದನ್ನ ಸುತ್ತೋಣ.”

“ಅದು ನಾವು ಮಾಡೋ ಕೆಲ್ಸ ಅಲ್ಲ ಕಣೇ” ಎಂದರು ಮುನಿಯಲ್ಲಪ್ಪ. “ಬೈಕಿನ ಕಾಯಿಲ್ ಯಾವತ್ತಾದ್ರೂ ಮುಟ್ಟಿದೀಯ?”

“ತಂತಿ ತಾನೇ? ತಾಮ್ರ ತಾನೇ? ಇನ್ನೇನು ಇದೆ ಇದ್ರಲ್ಲಿ?”

ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕೂತಿದ್ದ ಚನ್ನರಾಯಪ್ಪ ಈಗ ಎದ್ದರು. ಒಳಗೆ ಅರ್ಧ ಸುತ್ತಿದ್ದ ಮೋಟರು ಅವರದು. “ಇದೊಳ್ಳೆ ಕತೆ ಆಯ್ತಲ್ಲಮ್ಮ! ನನ್ ಮೋಟರ್ ಬಿಟ್ಟು ಬೈಕಾ? ಅಲ್ಲಿ ಟಮಾಟ ಗಿಡ ಬಾಯಿ ಬಿಡ್ತಿದೆ.”

“ನಿನ್ ಗಿಡ ಒಂದಿನ ತಡೀತದೆ ಚನ್ನರಾಯಪ್ಪಣ್ಣ. ಹುಳ ತಡೆಯಲ್ಲ. ನಿನ್ನ ಲಗೇಜ್ ಆಟೋ ಖಾಲಿ ನಿಂತಿದೆಯಲ್ಲ, ಇಲ್ಲಿ ಕೂತು ಗೊಣಗೋ ಬದ್ಲು ಇವರ ಸೊಪ್ಪು ತಗೊಂಡ್ ಹೋಗಿ ಹಾಕಿ ಬಾ.”

“ಅಂದ್ರೆ ಮೋಟರೂ ಹೋಯ್ತು, ಆಟೋನೂ ಹೋಯ್ತು!”

“ಹೂಂ.”

ಚನ್ನರಾಯಪ್ಪ ಏನೇನೋ ಅನ್ನುತ್ತಲೇ ಬೈಕಿನ ಹೊರೆಗಳನ್ನು ಬಿಚ್ಚಿ ಆಟೋಗೆ ಎಸೆದರು. ಅಪ್ಪನನ್ನು ಹತ್ತಿಸಿಕೊಂಡು ಆ ದಿನ ಎರಡು ಸಲ ತೋಟಕ್ಕೆ ಹೋಗಿ ಬಂದರು. ಆದರೆ ಹೋಗುವಾಗಲೇ ಹೇಳಿದ್ದರು: “ಇವತ್ತಿಗೆ ಮಾತ್ರ. ನಾಳೆ ಬೆಳಗ್ಗೆ ನನ್ನ ಟಮಾಟ ಕೋಲಾರದ ಮಾರ್ಕೆಟ್ಟಿಗೆ ಹೋಗ್ಬೇಕು.”

ನಾನು ಕಾಲೇಜಿಗೆ ಹೋಗಲಿಲ್ಲ. ಅಶ್ವತ್ಥಮ್ಮ ಹುಣಸೆ ಬೀಜದ ಬಟ್ಟಲುಗಳನ್ನು ನನ್ನ ಮುಂದೆ ಸರಿಸಿದರು. ಮೊದಲು ಹಳೆಯ ತಂತಿ ಬಿಚ್ಚಬೇಕು, ಬಿಚ್ಚುತ್ತ ಎಣಿಸಬೇಕು. ಸುಟ್ಟ ಹಲ್ಲುಗಳಲ್ಲಿ ತಂತಿ ತುಂಡು ತುಂಡಾಗಿ ಕಿತ್ತುಬಂತು. ಚೆನ್ನಾಗಿದ್ದ ಐದು ಹಲ್ಲುಗಳಲ್ಲಿ ಲೆಕ್ಕ ಒಂದೇ ಆಗಿತ್ತು: ನಲವೈ ರೆಂಡು, ನಲವತ್ತೆರಡು. ತಂತಿಯ ದಪ್ಪ ಅಳೆದು ಅಂಥದೇ ತಂತಿಯ ಉರುಳೆ ತೆಗೆದರು. ಹಲ್ಲುಗಳಿಗೆ ಹೊಸ ಕಾಗದ ಹೊದಿಸಿದರು. ಆಮೇಲೆ ಕೂತರು.

ಅವರು ಸುತ್ತುವುದನ್ನು ಹತ್ತಿರದಿಂದ ನೋಡಿದ್ದು ಆಗಲೇ. ಎಡಗೈ ಚಕ್ರ ಹಿಡಿದಿರುತ್ತದೆ, ಬಲಗೈ ತಂತಿಯನ್ನು ಎಳೆಯುವುದಿಲ್ಲ, ದಾರಿ ತೋರಿಸುತ್ತದೆ. ಒಂದು ಸುತ್ತಿನ ಪಕ್ಕಕ್ಕೆ ಇನ್ನೊಂದು ಸುತ್ತು, ನಡುವೆ ಕೂದಲು ಹೋಗುವಷ್ಟೂ ಜಾಗವಿಲ್ಲ. ಒಂದೇ ತಂತಿ ಪ್ರತಿ ಮೂರನೇ ಹಲ್ಲಿಗೆ ದಾಟುತ್ತ ಆರು ಹಲ್ಲು ಮುಗಿಸುತ್ತದೆ. ಅಂಥವು ಮೂರು ತಂತಿ. ಮಧ್ಯಾಹ್ನ ಎರಡೂವರೆಗೆ ಕೊನೆಯ ಹಲ್ಲು ಮುಗಿಯಿತು. ಅವರು ತಲೆಯೆತ್ತಿ ಕಣ್ಣು ಮುಚ್ಚಿ ತೆರೆದರು. ಹೊಸ ತಾಮ್ರ ಹೊಳೆಯುತ್ತಿತ್ತು.

ಮುನಿಯಲ್ಲಪ್ಪ ಜೋಡಿಸಿ ಗಾಡಿ ಚಾಲೂ ಮಾಡಿದರು. ಎರಡನೇ ಹೊರೆ ಇಳಿಸಿ ಬಂದಿದ್ದ ಅಪ್ಪ ಮೀಟರಿನ ಮೇಲೆ ಬಾಗಿದರು. ಮೂರು ಹಳದಿ ತಂತಿಗಳಲ್ಲಿ ಯಾವ ಎರಡನ್ನು ಹಿಡಿದರೂ ಮೀಟರು ಒಂದರ ಆಸುಪಾಸಿನಲ್ಲಿ ಒದ್ದಾಡಿತು. ಅದು ಮೂವತ್ತು ನಲವತ್ತು ದಾಟಬೇಕಿತ್ತು.

“ಹೇಳ್ದೆನಲ್ಲ, ಇದು ನಮ್ ಕೆಲ್ಸ ಅಲ್ಲ ಅಂತ” ಎಂದರು ಮುನಿಯಲ್ಲಪ್ಪ. ಆ ಮಾತಿನಲ್ಲಿ ಗೆದ್ದ ದನಿ ಇರಲಿಲ್ಲ.

“ಎಣಿಕೆ ತಪ್ಪಿಲ್ಲ” ಎಂದರು ಅಶ್ವತ್ಥಮ್ಮ.

“ಎಣಿಕೆ ತಪ್ಪಿಲ್ಲ ಸರಿ, ಕರೆಂಟು ಎಲ್ಲಿ?”

ಅಶ್ವತ್ಥಮ್ಮ ಗಾಡಿ ಆರಿಸಲು ಕೈ ಮಾಡಿದರು. ಎಲ್ಲವನ್ನೂ ಬಿಚ್ಚಿಸಿದರು. ಬಟ್ಟಲಿನಂಥ ಮ್ಯಾಗ್ನೆಟ್ಟನ್ನೂ ಎಳೆದು ತೆಗೆಸಿ ಮಣೆಯ ಮೇಲೆ ಇಟ್ಟುಕೊಂಡರು. ಹಳೆಯ ಸ್ಪೀಕರಿನಿಂದ ಒಂದು ಚೂರು ಮ್ಯಾಗ್ನೆಟ್ಟು ಕಿತ್ತು, ಆ ಬಟ್ಟಲಿನ ಒಳಮೈ ಸುತ್ತ ನಿಧಾನವಾಗಿ ಆಡಿಸಿದರು. ಒಂದು ಕಡೆ ಅದು ಗಬಕ್ಕನೆ ಎಳೆದುಕೊಂಡಿತು, ಪಕ್ಕದಲ್ಲೇ ದೂರ ತಳ್ಳಿತು. ಎಳೆದಲ್ಲಿ ಕುಂಕುಮದ ಬೊಟ್ಟು, ತಳ್ಳಿದಲ್ಲಿ ಸುಣ್ಣದ ಬೊಟ್ಟು ಇಟ್ಟರು. ಆರು ಕೆಂಪು, ಆರು ಬಿಳಿ. ಆಮೇಲೆ ತಾವು ಸುತ್ತಿದ್ದ ಚಕ್ರವನ್ನು ಅದರೊಳಗೆ ಕೂರಿಸಿ, ಒಂದೇ ತಂತಿ ಹೋಗುವ ಹಲ್ಲುಗಳ ಮೇಲೆ ಬೆರಳಿಡುತ್ತ ಹೋದರು. ಮೊದಲ ಹಲ್ಲಿನೆದುರು ಕೆಂಪು. ನಾಲ್ಕನೆಯದರ ಎದುರೂ ಕೆಂಪು. ಏಳನೆಯದರ ಎದುರೂ ಕೆಂಪು.

“ಅಯ್ಯೋ ನನ್ ಕೈಗೆ ಮಣ್ಣು ಹಾಕ” ಎಂದರು.

ಪಂಪಿನ ಮೋಟರಿನಲ್ಲಿ ಒಂದು ಗುಂಪನ್ನು ಬಲಕ್ಕೆ ಸುತ್ತಿದರೆ ಮುಂದಿನದನ್ನು ಎಡಕ್ಕೆ ಸುತ್ತಬೇಕು. ಇಪ್ಪತ್ತೆರಡು ವರ್ಷ ಹಾಗೆ ಸುತ್ತಿದ ಕೈ, ಇಲ್ಲಿಯೂ ಕೇಳದೆ ಹಾಗೆಯೇ ಸುತ್ತಿತ್ತು. ಹಳೆಯ ತಂತಿ ಬಿಚ್ಚುವಾಗ ನಾವಿಬ್ಬರೂ ಎಣಿಕೆಯಲ್ಲೇ ಮುಳುಗಿದ್ದೆವು, ಅದು ಯಾವ ಕಡೆಗೆ ತಿರುಗಿದೆ ಎಂದು ನೋಡಿರಲಿಲ್ಲ. ಈ ಚಕ್ರದಲ್ಲಿ ಆರು ಹಲ್ಲೂ ಒಂದೇ ಕಡೆಗೆ ತಿರುಗಬೇಕಿತ್ತು.

“ಒಬ್ಬಳು ನೀರು ಸೇದಿ ಇಟ್ಟಂಗೆ, ಇನ್ನೊಬ್ಬಳು ತಿರುಗಿ ಬಾವಿಗೇ ಸುರಿದಂಗೆ ಆಗಿದೆ ಪಾಪ” ಎಂದು ನನಗೆ ಹೇಳಿದರು. ನಾನು ಎರಡು ವರ್ಷ ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದ್ದೆ. ಅಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಆಮೇಲೆ ಅವರು ಮಾಡಿದ್ದನ್ನು ನಾನು ಮರೆಯುವುದಿಲ್ಲ. ಎದ್ದು ಅಪ್ಪನ ಮುಂದೆ ಬಂದು ನಿಂತರು. “ಕೋದಂಡರಾಮಪ್ಪ, ತಪ್ಪು ನನ್ದು. ನಿನ್ನ ಗಾಡೀದಲ್ಲ, ತಂತೀದೂ ಅಲ್ಲ. ಮತ್ತೆ ಸುತ್ತುತೀನಿ. ನಾಳೆ ಒಂಬತ್ತು ಗಂಟೆ ತನಕ ಹುಳಕ್ಕೆ ಸೊಪ್ಪಿದೆಯಾ?”

ಅಪ್ಪ ಲೆಕ್ಕ ಹಾಕಿದರು. ಆಟೋದಲ್ಲಿ ತಂದದ್ದನ್ನು ಒದ್ದೆ ಗೋಣಿಯಡಿ ಇಟ್ಟರೆ ಬೆಳಗಿನ ಒಂದು ಸಲಕ್ಕೆ ಆಗುತ್ತಿತ್ತು. ಅದರ ಮುಂದಿನದಕ್ಕೆ ಏನೂ ಇರಲಿಲ್ಲ. “ಒಂದು ಸಲಕ್ಕಿದೆ” ಎಂದರು.

“ಸಾಕು.”

ಸುತ್ತಿದ್ದನ್ನೆಲ್ಲ ಬಿಚ್ಚಿ ಬಿಸಾಕಿದರು. ಒಮ್ಮೆ ಬಾಗಿದ ತಂತಿಯ ಮೇಲ್ಪದರ ಬಿರುಕು ಬಿಟ್ಟಿರುತ್ತದೆ, ಅದನ್ನು ಮತ್ತೆ ಸುತ್ತಬಾರದು ಎಂದರು. ಹೊಸ ತಂತಿಯಲ್ಲಿ ಹತ್ತು ಹಲ್ಲು ಮುಗಿಯುವಷ್ಟರಲ್ಲಿ ಬೆಳಕು ಇಳಿಯಿತು. ಅವರು ನಿಲ್ಲಿಸಿದರು. ದೀಪದ ಬೆಳಕಿನಲ್ಲಿ ಅವರು ಸುತ್ತುವುದಿಲ್ಲ. ತಂತಿಯ ಮೇಲಿನ ಗೀರು ಆಗ ಕಣ್ಣಿಗೆ ಕಾಣುವುದಿಲ್ಲ, ಕಾಣದೆ ಉಳಿದ ಒಂದು ಗೀರು ಸಾಕು ಎಲ್ಲ ಸುಡಲು.

ಮನೆಯಲ್ಲಿ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. “ಒಂದು ಸಲ ತಪ್ಪು ಸುತ್ತಿದೋರು ಇನ್ನೊಂದು ಸಲ ತಪ್ಪಲ್ಲ ಅಂತ ಏನು ಗ್ಯಾರಂಟಿ?”

“ತಪ್ಪು ನನ್ದು ಅಂದ್ರು ಕಣೇ” ಎಂದರು ಅಪ್ಪ. “ಮುಳಬಾಗಿಲಲ್ಲಿ ಬ್ಯಾಟರಿ ಹಾಕಿದೋರು ಯಾರೂ ಆ ಮಾತು ಅನ್ಲಿಲ್ಲ.”

“ಹಂಗಾದ್ರೆ ಬಲ್ಬು ಅಲ್ಲ” ಎಂದಳು ಅಮ್ಮ, ತನಗೇ ಹೇಳಿಕೊಳ್ಳುವಂತೆ. ಅಪ್ಪ ನಗು ತಡೆದುಕೊಂಡು ಗೋಣಿಗೆ ನೀರು ಚಿಮುಕಿಸಲು ಹೋದರು.

ಬೆಳಿಗ್ಗೆ ನಾನೂ ಅಪ್ಪನೂ ನಡೆದು ತಾಯಲೂರು ತಲುಪಿದಾಗ ಏಳು ಗಂಟೆ. ಅಶ್ವತ್ಥಮ್ಮ ಹದಿನಾಲ್ಕನೇ ಹಲ್ಲಿನಲ್ಲಿದ್ದರು. ಅಪ್ಪ ಇಪ್ಪತ್ತು ವರ್ಷದಿಂದ ತಿಳಿದ ನಿಯಮವನ್ನು ಆತಂಕದಲ್ಲಿ ಮರೆತರು. “ಅಶ್ವತ್ಥಕ್ಕಾ, ಆಯ್ತಾ?”

ಬಲಗೈ ನಿಂತಿತು. ಅವರು ಅಪ್ಪನ ಕಡೆ ನೋಡಲೂ ಇಲ್ಲ. ಆ ಹಲ್ಲಿನ ತಂತಿಯನ್ನು ಮೊದಲಿನವರೆಗೂ ಬಿಚ್ಚಿ, ಆ ಉದ್ದವನ್ನು ಕತ್ತರಿಸಿ ಎಸೆದು, ಹೊಸದಕ್ಕೆ ಬೆಸುಗೆ ಹಾಕಿ, ಒಕಟಿಯಿಂದ ಶುರುಮಾಡಿದರು. ಮುನಿಯಲ್ಲಪ್ಪ ಅಪ್ಪನ ತೋಳು ಹಿಡಿದು ಹೊರಗೆ ಎಳೆದುಕೊಂಡು ಹೋದರು. “ಬಾರಪ್ಪ, ಟೀ ಕುಡಿಯೋಣ. ನಾನೂ ಮದ್ವೆಯಾದ ಹೊಸದ್ರಲ್ಲಿ ಹಿಂಗೇ ಎರಡು ಮೋಟರ್ ಹಾಳು ಮಾಡಿಸ್ದೆ.”

ಕೊನೆಯ ಹಲ್ಲು ಮುಗಿದಾಗ ಒಂಬತ್ತಕ್ಕೆ ಐದು ನಿಮಿಷವಿತ್ತು. ವಾರ್ನಿಷ್ ಬಳಿದು, ಬಲ್ಬು ಉರಿಯುವ ಡಬ್ಬಿಯ ಬಿಸಿಯಲ್ಲಿಟ್ಟು ಒಣಗಿಸುವುದನ್ನು ಹುಳು ಗೂಡು ಕಟ್ಟಲು ಹಣ್ಣಾದ ಮೇಲೆ ಮಾಡೋಣ, ಈಗ ಓಡಲಿ ಎಂದರು ಅಶ್ವತ್ಥಮ್ಮ. ಮುನಿಯಲ್ಲಪ್ಪ ಜೋಡಿಸಿದರು. ಅಶ್ವತ್ಥಮ್ಮ ಮೀಟರಿನ ಕಡ್ಡಿಗಳನ್ನು ತಾವೇ ಹಿಡಿದರು.

“ಏನ್ ತೋರಿಸ್ತಿದೆ ಪಾಪ? ನನ್ ಕಣ್ಣು ನಂಬಲ್ಲ ನಾನು.”

“ನಲವತ್ತೊಂದು.” ಎರಡನೇ ಜೋಡಿ, “ನಲವತ್ತೊಂದು.” ಮೂರನೆಯದು, “ನಲವತ್ತು ಮುಕ್ಕಾಲು.”

ಬ್ಯಾಟರಿಗೆ ಹಿಡಿದಾಗ ಹನ್ನೆರಡೂವರೆಯಿಂದ ಮೆಲ್ಲಗೆ ಏರುತ್ತ ಹದಿನಾಲ್ಕು ದಾಟಿ ನಿಂತಿತು. ಅಪ್ಪ ಗಾಡಿ ಹತ್ತಿದವರು ಕೆಳಗಿಳಿದರು, ಏನೋ ಹೇಳಬೇಕೆಂದು ಬಾಯಿ ತೆರೆದರು. ನಮ್ಮ ಕಡೆ ಧನ್ಯವಾದ ಎನ್ನುವುದು ಸಭೆಯಲ್ಲಿ, ಮೈಕಿನ ಮುಂದೆ ಮಾತ್ರ. ಮನೆಯ ಬಾಯಿಗೆ ಆ ಮಾತು ಬರುವುದಿಲ್ಲ.

“ನಿಂತ್ಕೊಂಡ್ ಏನ್ ನೋಡ್ತೀಯ? ಸೊಪ್ಪು ತಗೊಂಡ್ ಹೋಗು” ಎಂದು ಅಶ್ವತ್ಥಮ್ಮ ಬೈದರು. ಅಪ್ಪ ಹೋದರು. ಅಶ್ವತ್ಥಮ್ಮ ಒಳಗೆ ಹೋಗಿ ಚನ್ನರಾಯಪ್ಪನ ಮೋಟರಿನ ಮುಂದೆ ಕೂತರು.

ಆ ದಿನ ಹತ್ತು ಗಂಟೆಗೆ ಹುಳುವಿಗೆ ಸೊಪ್ಪು ಬಿತ್ತು. ಅಂದಿನಿಂದ ಸೋಮವಾರದವರೆಗೆ ದಿನಕ್ಕೆ ಮೂರು ಸಲ ಗಾಡಿ ಹೋಗಿ ಬಂತು. ಮಂಗಳವಾರ ಬೆಳಿಗ್ಗೆ ಅಮ್ಮ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿದಳು. ಅದರ ಮೈ ಜೇನಿನ ಬಣ್ಣಕ್ಕೆ ತಿರುಗಿ, ಒಳಗಿನ ಬೆಳಕು ಕಾಣುವಂತಿತ್ತು. ಹುಳು ಹಣ್ಣಾಗಿತ್ತು.

“ಹೋಗಿ ಅಶ್ವತ್ಥಮ್ಮನ್ನ ಕರ್ಕೊಂಡ್ ಬಾ” ಎಂದಳು ಅಪ್ಪನಿಗೆ.

“ಎಲ್ಲಿಗೆ? ಹುಳದ ಮನೆಗಾ?”

“ಹೂಂ, ಇನ್ನೆಲ್ಲಿಗೆ?”

ನಮ್ಮಲ್ಲಿ ಹುಳು ಇರುವಾಗ ಹೊರಗಿನವರನ್ನು ಆ ಬಾಗಿಲೊಳಗೆ ಬಿಡುವುದಿಲ್ಲ. ರೋಗ ತರುತ್ತಾರೆಂದು ಇಲಾಖೆಯವರು ಹೇಳುತ್ತಾರೆ, ಕಣ್ಣು ಬೀಳುತ್ತದೆಂದು ಅಜ್ಜಿ ಹೇಳುತ್ತಿದ್ದಳು. ಕಾರಣ ಯಾವುದೇ ಇರಲಿ, ನನ್ನ ಸ್ವಂತ ಸೋದರತ್ತೆಯೂ ಹೊರಗಿನ ಜಗಲಿಯಲ್ಲೇ ಕೂತು ಹೋಗುತ್ತಾಳೆ. ಅಪ್ಪ ಎರಡನೇ ಮಾತಾಡದೆ ಗಾಡಿ ತೆಗೆದರು.

ಅಶ್ವತ್ಥಮ್ಮ ಬಂದವರು ಹೊಸ್ತಿಲ ಆಚೆಯೇ ನಿಂತರು. “ಬೇಡ ಸುನಂದ, ಇಲ್ಲೇ ನಿಲ್ತೀನಿ. ನಾನು ಹೊರಗಿನೋಳು. ಏನಾದ್ರೂ ಹೆಚ್ಚುಕಮ್ಮಿ ಆದ್ರೆ?”

“ಹೊರಗಿನೋರಾಗಿದ್ರೆ ಕರೀತಿದ್ನಾ?” ಎಂದು ಅಮ್ಮ ಬ್ಲೀಚಿಂಗ್ ನೀರಿನ ಚೊಂಬು ತಂದು, ತಾನೇ ಬಗ್ಗಿ ಅವರ ಪಾದಕ್ಕೆ ಹೊಯ್ದಳು. ಅವರು ಬೇಡ ಬೇಡವೆಂದು ಹಿಂದೆ ಸರಿದರು, ಅಮ್ಮ ಕೇಳಲಿಲ್ಲ.

ಒಳಗೆ ಬಂದು ಅವರು ಹುಳುಗಳ ಮೇಲೆ ಬಗ್ಗಿ ನೋಡಿದರು. ಹುಳು ಸಾಕುವುದು ಬಿಟ್ಟು ಇಪ್ಪತ್ತೆರಡು ವರ್ಷ. ಹುಳುಗಳು ಸೊಪ್ಪು ಬಿಟ್ಟು ತಲೆಯೆತ್ತಿ, ದಾರಿ ಹುಡುಕುವಂತೆ ಆಚೆ ಈಚೆ ಆಡಿಸುತ್ತಿದ್ದವು. ಅಮ್ಮ ಒಂದು ಬುಟ್ಟಿಯನ್ನು ಅವರ ಕೈಗಿತ್ತು, “ಅಕ್ಕ, ಆ ಸಾಲು ನಿಮ್ದು. ಹಣ್ಣಾದವು ಆರಿಸಿ ಚಂದ್ರಿಕೆಗೆ ಬಿಡಿ. ಚಂದನಾ, ನೀನು ಈ ಕಡೆ” ಎಂದಳು, ಮನೆಯವರಿಗೆ ಕೆಲಸ ಹಂಚುವ ದನಿಯಲ್ಲಿ.

ಅಶ್ವತ್ಥಮ್ಮ ಸೆರಗು ಸಿಕ್ಕಿಸಿಕೊಂಡರು. ಅವರ ಕೈ ನಮ್ಮಿಬ್ಬರ ಕೈಗಿಂತ ಬೇಗ ನಡೆಯಿತು. ಕಾಯಿ ಯಾವುದು ಹಣ್ಣು ಯಾವುದು ಎಂದು ಬೆರಳೇ ಹೇಳುತ್ತಿತ್ತು. ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟ ಹುಳು ತನ್ನ ಮೂಲೆ ಹಿಡಿದು ಮೊದಲ ಎಳೆ ಅಂಟಿಸುವುದನ್ನು ಒಂದೆರಡು ಸಲ ನಿಂತು ನೋಡಿದರು. “ಚೆನ್ನಾಗಿ ತಿಂದಿದಾವೆ ಸುನಂದ. ಮೈ ತುಂಬಿದೆ” ಎಂದರು.

ಹನ್ನೊಂದರ ಹೊತ್ತಿಗೆ ಜಗಲಿಯ ಮೇಲೆ ಬಿಟ್ಟು ಬಂದಿದ್ದ ಅವರ ಫೋನು ಬಡಿದುಕೊಂಡಿತು. ಮೂರನೇ ಸಲಕ್ಕೆ ನಾನು ಹೋಗಿ ತೆಗೆದೆ.

“ಎಲ್ಲಮ್ಮಾ ಅವಳು?” ಮುನಿಯಲ್ಲಪ್ಪನವರ ದನಿ. “ಇಲ್ಲಿ ಎರಡು ಮೋಟರು ಬಂದು ಕೂತಿವೆ. ಮುಳಬಾಗಿಲಿಂದ ಯಾರೋ ಬೈಕಿನ ಕಾಯಿಲ್ ಬೇರೆ ತಂದಿದಾನೆ, ಇಲ್ಲಿ ಸುತ್ತಿಕೊಡ್ತಾರಂತೆ ಅಂತ.”

ನಾನು ಬಾಗಿಲಲ್ಲಿ ನಿಂತು ಒಳಗೆ ಕೂಗಿ ಹೇಳಿದೆ. ಅಶ್ವತ್ಥಮ್ಮ ಬುಟ್ಟಿಯಿಂದ ತಲೆಯೆತ್ತಲಿಲ್ಲ.

“ಹುಳ ಹಾಕ್ತಿದಾಳೆ, ಸಂಜೆ ಬರ್ತಾಳೆ ಅಂತ ಹೇಳು” ಎಂದರು.